ಹೊಟ್ಟೆ ಕಿರಿದಾದ ಮೇಲೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವು ಬಾಲ್ಯದಿಂದಲೂ ಕೇಳಿಕೊಂಡೇ ಬಂದವರು. ಅದರ ಉತ್ತರಾರ್ಧವನ್ನು ಸಂಸಾರದಲ್ಲಿ ತಕ್ಕಮಟ್ಟಿಗೆ ಸಾಧಿಸಿಕೊಂಡೆವು. ಪೂರ್ವಾರ್ಧ ಮಾತ್ರ ವಯಸ್ಸು ಐವತ್ತು ದಾಟಿದರೂ ನಮಗೆ ಕೈಹತ್ತಲಿಲ್ಲ. ಊಟ ಬಲ್ಲವನೆಂದರೆ ಚೆನ್ನಾಗಿ ಉಣ್ಣಬಲ್ಲವನೆಂದೇ ನಾವು ತಿಳಿದಿದ್ದೆವು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ನಮ್ಮ ಎಲೆಯ ಮುಂದೆ ಬಂದಾಗ ಎರಡನೆಯ ಸಲ ಕೇಳಬೇಕಾದ ಪ್ರಮೇಯವೇ ಇರುತ್ತಿರಲಿಲ್ಲ. ‘ಇವರಿಗೆ ಬಡಿಸುವುದೇ ಒಂದು ಸಂತೋಷ’ ಎಂದು ಬಂಧುವರ್ಗದಲ್ಲಿ ನಮಗೆ ಹೆಸರಿತ್ತು. ಆ ಹೆಸರನ್ನು ಉಳಿಸಿಕೊಳ್ಳುವ ಪ್ರಯತ್ನದಲ್ಲಿ ಮೊದಲು ನಮ್ಮ ಮೊಳಕಾಲುಗಳು ಹೋದುವು. ಆಮೇಲೆ ರಕ್ತದಲ್ಲಿ ಸಕ್ಕರೆ ಸೇರಿತು. ಕೊನೆಗೆ ನಿದ್ರೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬರತೊಡಗಿ, ನಮ್ಮಾಕೆ ರಾತ್ರಿಯೆಲ್ಲ ಎದ್ದು ಕುಳಿತು ನಮ್ಮ ಉಸಿರನ್ನು ಎಣಿಸುವಂತಾಯಿತು.

೨೦೧೯ನೆಯ ಇಸವಿಯ ಪ್ರಾರಂಭದಲ್ಲಿ ನಮ್ಮ ತೂಕ ೧೧೮ ಕಿಲೋ. ಎತ್ತರ ಐದೂವರೆ ಅಡಿ. ತೂಕದ ಕಿಲೋಗಳನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಅಂಕ ಬರುತ್ತದಷ್ಟೆ. ನಮ್ಮ ದೇಶದವರಿಗೆ ಅದು ೨೩ರ ಒಳಗೆ ಇದ್ದರೆ ಕ್ಷೇಮವೆಂದು ವೈದ್ಯರ ಮತ. ನಮ್ಮದು ೪೨ರ ಹತ್ತಿರವಿದ್ದಿತು. ಉಪವಾಸ, ಪಥ್ಯ, ಬಿಸಿನೀರು, ಜೇನುತುಪ್ಪ, ಮೆಂತ್ಯ ಇವೆಲ್ಲವನ್ನೂ ಮಾಡಿದ್ದಾಯಿತು. ಇಳಿದ ತೂಕ ಪ್ರತಿಸಲವೂ ಬಡ್ಡಿಸಹಿತ ಹಿಂದಿರುಗಿತು. ಕೊನೆಗೆ ವೈದ್ಯರ ಸಲಹೆಯಂತೆ ಆ ವರ್ಷದ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿದೆವು.

ಈ ಶಸ್ತ್ರಚಿಕಿತ್ಸೆಯೆಂದರೆ ಮೈಯ ಕೊಬ್ಬನ್ನು ಕೊಯ್ದು ತೆಗೆಯುವುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇದರಲ್ಲಿ ಕೊಬ್ಬನ್ನು ಮುಟ್ಟುವುದಿಲ್ಲ, ಜಠರವನ್ನು ಕಿರಿದುಮಾಡುತ್ತಾರೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಅವುಗಳ ಮೂಲಕವೇ ಉಪಕರಣಗಳನ್ನು ಇಳಿಸಿ, ಚೀಲದಂತಿರುವ ಜಠರದ ಮುಕ್ಕಾಲು ಪಾಲಿಗೂ ಹೆಚ್ಚಿನದನ್ನು ತೆಗೆದುಬಿಡುತ್ತಾರೆ. ಉಳಿಯುವುದು ಅಂಗಿಯ ತೋಳಿನಂತೆ ನೀಳವಾದ, ಬಾಳೆಯ ಹಣ್ಣಿನ ಗಾತ್ರದ ಒಂದು ನಾಳ. ಮೊದಮೊದಲು ಅದರಲ್ಲಿ ಅರ್ಧ ಲೋಟದಷ್ಟು ಪದಾರ್ಥವೂ ಕಷ್ಟದಿಂದ ಹಿಡಿಸುತ್ತದೆ. ಇದಲ್ಲದೆ, ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲವೊಂದನ್ನು ಮಾಡಿ ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುವ ಇನ್ನೊಂದು ವಿಧಾನವೂ ಉಂಟು. ಅದನ್ನು ೧೯೬೦ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ರೂಢಿಗೆ ತಂದರು. ನಮಗೆ ಮಾಡಿದುದು ಮೊದಲನೆಯ ವಿಧಾನ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಗ್ರೆಲಿನ್ ಎಂಬ ಒಂದು ರಸವನ್ನು ಕಂಡುಹಿಡಿದರು. ‘ಹಸಿವಾಗಿದೆ, ಏನಾದರೂ ಕೊಡು’ ಎಂದು ಮಿದುಳಿಗೆ ದೂತನಂತೆ ಹೋಗಿ ಹೇಳುವುದು ಅದರ ಕೆಲಸ. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. ಶಸ್ತ್ರಚಿಕಿತ್ಸೆಯಲ್ಲಿ ಹೋಗುವುದೂ ಆ ಭಾಗವೇ. ಹೀಗಾಗಿ ಪಾತ್ರೆ ಕಿರಿದಾಗುವುದರ ಜೊತೆಗೆ ಹಸಿವಿನ ಕೂಗೂ ಕೆಲವು ಕಾಲ ತಗ್ಗುತ್ತದೆ. ನಾವು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ, ಪಕ್ಕದ ಕೋಣೆಯಿಂದ ಬಂದ ಇಡ್ಲಿ ಸಾಂಬಾರಿನ ವಾಸನೆಯನ್ನು ನಿರ್ವಿಕಾರವಾಗಿ ಆಘ್ರಾಣಿಸಿದೆವು. ಇನ್ನು ನಾವು ಗೆದ್ದೆವೆಂದೇ ಅಂದುಕೊಂಡೆವು. ವೈದ್ಯರು ಮಾತ್ರ ಹೊರಡುವಾಗ ಹೇಳಿದರು: “ಹೊಟ್ಟೆಯನ್ನು ನಾವು ಚಿಕ್ಕದು ಮಾಡಿದ್ದೇವೆ. ಅಭ್ಯಾಸವನ್ನು ಚಿಕ್ಕದು ಮಾಡುವ ಉಪಕರಣ ನಮ್ಮಲ್ಲಿ ಇಲ್ಲ. ಅದು ನಿಮ್ಮ ಕೆಲಸ.” ಆ ಮಾತಿನ ತೂಕ ನಮಗೆ ತಿಳಿದುದು ಎರಡು ವರ್ಷಗಳ ಮೇಲೆ.

ಮೊದಲಿನ ಎರಡು ವಾರ ದ್ರವಾಹಾರ: ಬೇಳೆಯ ಕಟ್ಟು, ನೀರು ಮಜ್ಜಿಗೆ, ಸೋಸಿದ ಸಾರು. ಅದನ್ನೂ ಗಟಗಟನೆ ಕುಡಿಯುವಂತಿಲ್ಲ. ಔಷಧದಂತೆ ಗುಟುಕು ಗುಟುಕಾಗಿ ಹೀರಬೇಕು. ಆಮೇಲಿನ ಎರಡು ವಾರ ರಾಗಿಯ ಅಂಬಲಿ, ನುಣ್ಣಗೆ ಮಸೆದ ಹೆಸರುಬೇಳೆ, ಮೊಸರು. ಅನಂತರ ಮೆತ್ತಗಿನ ಪದಾರ್ಥಗಳು. ಎರಡು ತಿಂಗಳ ಹೊತ್ತಿಗೆ ಎಲ್ಲರ ಅಡಿಗೆಯೇ ನಮಗೂ ಬಂದಿತು. ಆದರೆ ಮಗುವಿನ ಪ್ರಮಾಣದಲ್ಲಿ, ದಿನಕ್ಕೆ ಐದಾರು ಬಾರಿ. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂದು ಹಿರಿಯರು ಹೇಳಿದ್ದಾರೆ. ಆರು ಹೊತ್ತು ಉಣ್ಣುವವನಿಗೆ ಅವರು ಯಾವ ಹೆಸರನ್ನೂ ಇಟ್ಟು ಹೋಗಲಿಲ್ಲವಾದುದು ನಮ್ಮ ಪುಣ್ಯ.

ನಿಯಮಗಳು ಕೇಳುವುದಕ್ಕೆ ಸುಲಭ. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಒಂದು ಸಣ್ಣ ಬಟ್ಟಲಿನ ಊಟಕ್ಕೆ ಇಪ್ಪತ್ತು ನಿಮಿಷ ಹಿಡಿಯಬೇಕು. ಊಟದ ಜೊತೆಗೆ ನೀರು ಕೂಡದು. ಉಂಡು ಅರ್ಧ ಗಂಟೆಯಾದ ಮೇಲೆ ಕುಡಿಯಬಹುದು. ಸಾಕೆನಿಸಿದ ಕ್ಷಣದಲ್ಲಿ, ತಟ್ಟೆಯಲ್ಲಿ ಒಂದೇ ತುತ್ತು ಉಳಿದಿದ್ದರೂ, ಕೈ ತೊಳೆಯಬೇಕು. ಈ ಕಡೆಯ ನಿಯಮವೇ ನಮಗೆ ಅತ್ಯಂತ ಕಠಿಣವಾಗಿ ಕಂಡಿತು. ಎಲೆಯಲ್ಲಿ ಅಗುಳು ಬಿಡುವುದು ಅನ್ನಕ್ಕೆ ಮಾಡುವ ಅಪಚಾರವೆಂದು ಕಲಿತು ಬೆಳೆದವರು ನಾವು. ಒಂದು ದಿನ ಉಳಿದ ತುತ್ತನ್ನು ಬಿಡಲಾರದೆ ನುಂಗಿದೆವು. ಎದೆಯ ನಡುವೆ ಕಲ್ಲು ಕುಳಿತಂತಾಯಿತು, ಬಾಯಲ್ಲಿ ನೀರೂರಿತು, ಹಿತ್ತಿಲಿಗೆ ಓಡಬೇಕಾಯಿತು. ಅಂದಿನಿಂದ ನಮ್ಮಾಕೆ ಒಂದು ಉಪಾಯ ಮಾಡಿದಳು. ಎಲೆಯಲ್ಲಿ ಬಿಡುವುದು ತಪ್ಪಾದರೆ ಎಲೆಗೆ ಬಡಿಸದೆ ಇರುವುದು ತಪ್ಪಲ್ಲವಷ್ಟೆ. “ಬೇಕಾದರೆ ಮತ್ತೆ ಕೇಳಿ, ರೀ” ಎಂದು ಒಂದೊಂದೇ ಚಮಚೆ ಬಡಿಸತೊಡಗಿದಳು.

ಪದಾರ್ಥಗಳ ಪಂಕ್ತಿಕ್ರಮವೂ ಬದಲಾಯಿತು. ನಮ್ಮ ಎಲೆಯಲ್ಲಿ ಅನ್ನವೇ ಯಜಮಾನ. ಕೋಸಂಬರಿ, ಪಲ್ಯ, ಮೊಸರುಗಳು ಅಂಚಿನ ಪರಿವಾರ. ಈಗ ಜಾಗ ಕಡಮೆಯಾದುದರಿಂದ ಮೈ ಕಟ್ಟುವ ಸಸಾರಜನಕದ ಪದಾರ್ಥಕ್ಕೆ ಮೊದಲ ಮಣೆ ಹಾಕಬೇಕು. ದಿನಕ್ಕೆ ೬೦ ಗ್ರಾಮಿಗೆ ಕಡಮೆಯಾಗದಂತೆ ಅದು ದೇಹಕ್ಕೆ ಸೇರಬೇಕೆಂದು ವೈದ್ಯರ ಆಜ್ಞೆ. ಸೇರದಿದ್ದರೆ ದೇಹವು ಕೊಬ್ಬಿನೊಂದಿಗೆ ತನ್ನ ಮಾಂಸಖಂಡವನ್ನೂ ಕರಗಿಸಿಕೊಂಡುಬಿಡುತ್ತದೆ. ಶಾಕಾಹಾರಿಗಳ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ. ನೂರು ಗ್ರಾಂ ಹಸಿ ಹೆಸರುಬೇಳೆಯಲ್ಲಿ ಸುಮಾರು ೨೪ ಗ್ರಾಂ ಸಸಾರಜನಕ ಉಂಟೆಂಬುದು ನಿಜ. ಆದರೆ ಬೆಂದ ಮೇಲೆ ಅದು ನೀರು ಕುಡಿದು ಉಬ್ಬಿ, ನಮ್ಮ ಹೊಟ್ಟೆಗೆ ಒಂದೇ ಸಲಕ್ಕೆ ಹಿಡಿಸದಷ್ಟು ಆಗುತ್ತದೆ. ಆದುದರಿಂದ ಬೆಳಗ್ಗೆ ಹಾಲು, ಆಮೇಲೆ ಹೆಸರುಬೇಳೆಯ ದೋಸೆ, ಮಧ್ಯಾಹ್ನ ಗಟ್ಟಿ ಬೇಳೆ ಮತ್ತು ಮೊಸರು, ಸಂಜೆ ಪನೀರಿನ ನಾಲ್ಕು ತುಂಡು, ರಾತ್ರಿ ಸೋಯಾ ಬೆರೆಸಿದ ಪಲ್ಯ, ಎಂದು ದಿನವೆಲ್ಲ ಹಂಚಿ ಲೆಕ್ಕ ತೂಗಿಸಿದಳು ನಮ್ಮಾಕೆ. ಮೊದಮೊದಲು ವೈದ್ಯರು ಕೊಟ್ಟ ಪುಡಿಯನ್ನೂ ಹಾಲಿನಲ್ಲಿ ಕದಡಿಕೊಳ್ಳಬೇಕಾಯಿತು. ಅನ್ನವು ಅತಿಥಿಯಂತೆ ಕೊನೆಯಲ್ಲಿ ಎರಡು ಚಮಚೆ ಬಂದು ಹೋಗುತ್ತಿತ್ತು. ಜೊತೆಗೆ ಬಿ ಹನ್ನೆರಡು, ಡಿ, ಕಬ್ಬಿಣ, ಸುಣ್ಣದಂಶಗಳ ಮಾತ್ರೆಗಳು. ಅವು ತಿಂಗಳೆರಡು ತಿಂಗಳ ಮಾತಲ್ಲ, ಜನ್ಮಾವಧಿ. ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬಂದಾಗ ನಾವು ಗಾಬರಿಯಾದೆವು. ತೂಕ ಬೇಗ ಇಳಿಯುವಾಗ ಹೀಗಾಗುವುದುಂಟು, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ ಎಂದರು ವೈದ್ಯರು. ಹಾಗೆಯೇ ಆಯಿತು; ಮೊದಲೇ ಇಲ್ಲದಿದ್ದ ಕಡೆ ಮಾತ್ರ ಬರಲಿಲ್ಲ.

ನಡೆಯುವ ಅಭ್ಯಾಸ ಆಸ್ಪತ್ರೆಯಲ್ಲಿಯೇ ಪ್ರಾರಂಭವಾಗಿತ್ತು. ಶಸ್ತ್ರಚಿಕಿತ್ಸೆಯಾದ ಸಂಜೆಯೇ ದಾದಿಯೊಬ್ಬಳು ಬಂದು “ಏಳಿ ಸಾರ್” ಎಂದಾಗ ಇವಳಿಗೆ ಕರುಣೆಯಿಲ್ಲವೆ ಎನಿಸಿತು. ಮಲಗಿಯೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆಯೆಂದು ಆಮೇಲೆ ತಿಳಿಯಿತು. ಮನೆಗೆ ಬಂದ ಮೇಲೆ ಮೊದಲು ಪಡಸಾಲೆಯಲ್ಲಿ ಹತ್ತು ನಿಮಿಷ, ಮುಂದೆ ಬೀದಿಯ ಕೊನೆಯವರೆಗೆ, ತಿಂಗಳು ಕಳೆದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಆರು ವಾರ ಭಾರ ಎತ್ತಕೂಡದೆಂಬ ಕಟ್ಟಳೆಯಿದ್ದುದರಿಂದ ಅಡಿಗೆಯ ಅನಿಲದ ಸಿಲಿಂಡರನ್ನು ಜರುಗಿಸುವ ಕೆಲಸ ತಪ್ಪಿತು. ಆ ಅವಧಿ ಮುಗಿದ ಮೇಲೆ ಭಾರ ಎತ್ತುವುದೇ ಕರ್ತವ್ಯವಾಯಿತು. ನಡಿಗೆಯೊಂದರಿಂದಲೇ ಮಾಂಸಖಂಡ ಉಳಿಯುವುದಿಲ್ಲವಂತೆ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಅಂಗೈಯಿಟ್ಟು ಮೈಯನ್ನು ನೂಕುವುದು, ಮರಳು ತುಂಬಿದ ಎರಡು ಸೀಸೆಗಳನ್ನು ಎತ್ತಿ ಇಳಿಸುವುದು, ಇವು ನಮ್ಮ ಗರಡಿಯ ಸಾಮು. ಒಂದು ವರ್ಷ ತುಂಬುವ ಹೊತ್ತಿಗೆ ನಮ್ಮ ತೂಕ ೮೨ ಕಿಲೋ ಆಯಿತು. ಸಕ್ಕರೆ ರೋಗದ ಮಾತ್ರೆಗಳು ಒಂದೊಂದಾಗಿ ನಿಂತುವು. ರೋಗ ಹೋಯಿತೆಂದು ನಾವು ಹಿಗ್ಗಿದಾಗ, “ಹೋಗಿಲ್ಲ, ಮಲಗಿದೆ; ಎಬ್ಬಿಸಬೇಡಿ” ಎಂದರು ವೈದ್ಯರು. ನಮ್ಮಾಕೆ ಮಾತ್ರ ರಾತ್ರಿ ನಿದ್ರೆ ಮಾಡತೊಡಗಿದಳು, ಅದೊಂದೇ ಸಾಕಾಗಿತ್ತು.

ಆದರೆ ಮನುಷ್ಯನು ಉಣ್ಣುವುದು ಹೊಟ್ಟೆಗಾಗಿ ಮಾತ್ರವಲ್ಲ, ಬಡಿಸುವವರಿಗಾಗಿಯೂ ಉಣ್ಣುತ್ತಾನೆ. ನಮ್ಮ ಅಕ್ಕ ನಮಗಿಂತ ಹನ್ನೊಂದು ವರ್ಷ ದೊಡ್ಡವರು. ಮೇಲುಕೋಟೆಯಲ್ಲಿ ಅವರ ಮನೆ. ತಾಯಿಯವರು ಕಾಯಿಲೆ ಮಲಗಿದ್ದ ಕಾಲದಲ್ಲಿ ನಮಗೆ ತುತ್ತಿಟ್ಟು ಸಾಕಿದವರು ಅವರೇ. ಅವರು ಮಾತಿನಲ್ಲಿ ಪ್ರೀತಿ ತೋರಿಸಿದುದನ್ನು ನಾವು ಕಂಡಿಲ್ಲ; ಅವರ ಪ್ರೀತಿಯೆಲ್ಲ ಸೌಟಿನಲ್ಲಿ. ಶಸ್ತ್ರಚಿಕಿತ್ಸೆಯಾದ ಐದನೆಯ ತಿಂಗಳಲ್ಲಿ ಅವರ ಮೊಮ್ಮಗನ ಉಪನಯನಕ್ಕೆ ಹೋದೆವು. ಪಂಕ್ತಿಯಲ್ಲಿ ಅಕ್ಕನೇ ಹೋಳಿಗೆಯ ತಟ್ಟೆ ಹಿಡಿದು ಬಂದರು.

“ಸಾಕಕ್ಕ, ನನಗೆ ಬೇಡ” ಎಂದು ಎಲೆಯ ಮೇಲೆ ಕೈಯಡ್ಡ ಹಿಡಿದೆವು.

“ಒಂದು, ಒಂದೇ ಒಂದು ಕಣೋ. ನಿನಗೋಸ್ಕರ ನಾನೇ ತಟ್ಟಿದ್ದು.”

“ವೈದ್ಯರು ಬೇಡ ಅಂದಿದ್ದಾರೆ, ಅಕ್ಕ.”

ಪಕ್ಕದಲ್ಲಿದ್ದ ಬಂಧುವೊಬ್ಬರು ನಕ್ಕು, “ಬಾಯಿ ಕಟ್ಟೋಕೆ ಆಗದೆ ಹೊಟ್ಟೆ ಕೊಯ್ಸಿಕೊಂಡೋರು ಅವರು, ಬಲವಂತ ಮಾಡಬೇಡಿ” ಎಂದರು. ಅಕ್ಕನ ಮುಖ ಕಂದಿತು. “ನನ್ನ ಕೈ ಊಟ ಇನ್ನು ನಿನಗೆ ಸೇರೋದಿಲ್ಲ ಅನ್ನು” ಎಂದು ಮೆಲ್ಲನೆ ಹೇಳಿ ಮುಂದಕ್ಕೆ ನಡೆದರು. ನಾವು ಅವರನ್ನು ಕೂಗಿ ಕರೆದು ಹೋಳಿಗೆ ಹಾಕಿಸಿಕೊಂಡೆವು, ತುಪ್ಪವನ್ನೂ ಹಾಕಿಸಿಕೊಂಡೆವು, ಅವರು ನೋಡುತ್ತಿದ್ದ ಹಾಗೆಯೇ ತಿಂದೆವು. ಹತ್ತು ನಿಮಿಷದಲ್ಲಿ ಎದೆ ಬಡಿದುಕೊಂಡು, ಮೈ ಬೆವತು, ಕೊಟ್ಟಿಗೆಯ ಹಿಂದೆ ಹೋಗಿ ಎಲ್ಲವನ್ನೂ ಕಾರಿಕೊಂಡೆವು. ತಲೆಯೆತ್ತಿದಾಗ ಅಕ್ಕ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಏನೂ ಹೇಳಲಿಲ್ಲ. ಆ ಮೇಲೆ ಬಹು ದಿನ ಅವರು ನಮ್ಮನ್ನು ಊಟಕ್ಕೆ ಕರೆಯಲೂ ಇಲ್ಲ.

೨೦೨೦ರ ಮಾರ್ಚಿ ತಿಂಗಳಿನಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿತು. ಕೆರೆಯ ನಡಿಗೆ ನಿಂತಿತು. ಮನೆಯಲ್ಲಿ ಕುಳಿತವರಿಗೆ ಕೆಲಸವೆಂದರೆ ವಾರ್ತೆ ಕೇಳುವುದು, ಕೇಳುವಾಗ ಮನಸ್ಸಿಗೆ ಕಳವಳ, ಕಳವಳಕ್ಕೆ ಕೋಡುಬಳೆ. ಇಲ್ಲಿ ಒಂದು ಸತ್ಯವನ್ನು ಕಂಡುಕೊಂಡೆವು. ಈ ಕಿರಿದಾದ ಹೊಟ್ಟೆ ಚಪಾತಿಯನ್ನು ತಡೆಯುತ್ತದೆ, ಗಟ್ಟಿ ಅನ್ನವನ್ನು ತಡೆಯುತ್ತದೆ. ಬಾಯಲ್ಲಿಯೇ ಕರಗುವ ಪದಾರ್ಥವನ್ನು ತಡೆಯುವುದಿಲ್ಲ. ಪಾಯಸ, ಮೈಸೂರುಪಾಕು, ಐಸ್ ಕ್ರೀಂ, ಸಕ್ಕರೆ ಹಾಕಿದ ಕಾಫಿ, ಪುಡಿಯಾಗಿ ಹೋಗುವ ಕುರುಕಲು ಇವೆಲ್ಲ ಸಲೀಸಾಗಿ ಜಾರುತ್ತವೆ. ಒಂದೇ ಸಲಕ್ಕೆ ಹಿಡಿಸದುದನ್ನು ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ವೈದ್ಯರು ಬೀಗ ಹಾಕಿದ್ದರು. ಚಪಲವು ಗೋಡೆಗೆ ಕನ್ನ ಹಾಕಿತು. ಹೊಟ್ಟೆ ತುಂಬ ಒಮ್ಮೆಯೂ ಉಣ್ಣದೆ, ೨೦೨೧ರ ಕೊನೆಗೆ ನಾವು ೯೧ ಕಿಲೋ ಆದೆವು.

ನಾಚಿಕೆಯಿಂದ ತೂಕದ ಯಂತ್ರವನ್ನು ಮಂಚದ ಕೆಳಗೆ ಸರಿಸಿದೆವು. ವೈದ್ಯರ ಬಳಿ ಹೋಗುವುದನ್ನು ಬಿಟ್ಟೆವು. ಆರೋಗ್ಯವಾಗಿಯೇ ಇದ್ದೇವಲ್ಲ ಎಂದು ಮಾತ್ರೆಗಳನ್ನೂ ಬಿಟ್ಟೆವು. ೨೦೨೨ರಲ್ಲಿ ಅಂಗಾಲುಗಳು ಜೋಮು ಹಿಡಿದಂತಾಗಿ, ಚಪ್ಪಲಿ ಕಾಲಿನಿಂದ ಜಾರಿಹೋದರೂ ತಿಳಿಯದಂತಾಯಿತು. ನಮ್ಮಾಕೆ ಕೈಹಿಡಿದು ಎಳೆದುಕೊಂಡು ಹೋದಳೆಂದೇ ಹೇಳಬೇಕು. ರಕ್ತಪರೀಕ್ಷೆಯಲ್ಲಿ ಬಿ ಹನ್ನೆರಡು ಬಹಳ ಕಡಮೆಯಾಗಿರುವುದು ಕಂಡಿತು. ಜಠರದ ಬಹುಭಾಗ ಹೋದವನ ದೇಹ ಆಹಾರದಿಂದ ಆ ಅಂಶವನ್ನು ಸರಿಯಾಗಿ ಬಿಡಿಸಿಕೊಳ್ಳಲಾರದು. ಕೊರತೆ ಬಹುಕಾಲ ಉಳಿದರೆ ನರಗಳು ಕೆಡುತ್ತವೆ. ಬೈಗುಳಿಗೆ ಸಿದ್ಧರಾಗಿ ಕುಳಿತಿದ್ದ ನಮಗೆ ವೈದ್ಯರು ಬೈಯಲಿಲ್ಲ. “ಎರಡು ವರ್ಷವಾದ ಮೇಲೆ ತೂಕ ಸ್ವಲ್ಪ ಹಿಂದಿರುಗುವುದು ಅನೇಕರಿಗೆ ಆಗುತ್ತದೆ. ತೂಕ ಏರಿದ್ದಕ್ಕೆ ನನಗೆ ಬೇಸರವಿಲ್ಲ, ಏರಿದಾಗ ನೀವು ಬರಲಿಲ್ಲವಲ್ಲ, ಅದಕ್ಕೆ ಬೇಸರ” ಎಂದರು. ಆ ದಿನ ನಮಗೆ ಆದಷ್ಟು ಅವಮಾನ ಆ ಬಂಧುವಿನ ಮಾತಿನಿಂದಲೂ ಆಗಿರಲಿಲ್ಲ. ಆದಷ್ಟು ಸಮಾಧಾನವೂ ಎಂದೂ ಆಗಿರಲಿಲ್ಲ.

ಸೂಜಿಮದ್ದಿನಿಂದ ಕಾಲಿನ ಜೋಮು ನಿಧಾನವಾಗಿ ಇಳಿಯಿತು. ಕೋಡುಬಳೆಯ ಡಬ್ಬ ಅಟ್ಟಕ್ಕೆ ಏರಿತು. ತಿಂದುದನ್ನೆಲ್ಲ ಬರೆದಿಡುವ ಒಂದು ಪುಸ್ತಕ ಅಡಿಗೆಮನೆಗೆ ಬಂದಿತು. ವಾರಕ್ಕೆ ಒಂದೇ ದಿನ, ಭಾನುವಾರ ಬೆಳಗ್ಗೆ ತೂಕ. ಕೆರೆಯ ನಡಿಗೆ ಮತ್ತೆ ಪ್ರಾರಂಭವಾಗಿ ವಾರದಲ್ಲಿ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆಗೆ ನಿಂತಿತು. ನಡಿಗೆಯಿಂದ ತೂಕ ಇಳಿಯುವುದು ಅಲ್ಪ. ಇಳಿದುದನ್ನು ಕಾಯುವುದಕ್ಕೆ ಅದೇ ಆಧಾರ.

ಆ ವರ್ಷದ ದಸರೆಗೆ ಅಕ್ಕ ಮೈಸೂರಿಗೆ ಬಂದರು. ಊಟಕ್ಕೆ ಕುಳಿತಾಗ ತಮ್ಮ ಕೈಚೀಲದಿಂದ ವಸ್ತ್ರದಲ್ಲಿ ಸುತ್ತಿದ ಏನನ್ನೋ ತೆಗೆದು ನಮ್ಮ ಮುಂದೆ ಇಟ್ಟರು. ಒಂದು ಸಣ್ಣ ಬೆಳ್ಳಿಯ ಬಟ್ಟಲು; ಅಂಚು ಒಂದು ಕಡೆ ನಗ್ಗಿತ್ತು.

“ನಿನ್ನ ಅನ್ನಪ್ರಾಶನದ ಬಟ್ಟಲು ಕಣೋ. ನಗ್ಗಿಸಿದವನೂ ನೀನೇ. ಇದರಲ್ಲೇ ನಿನಗೆ ತಿನ್ನಿಸ್ತಿದ್ದೆ. ಇದು ತುಂಬ ಹಾಕಿದರೆ ನಿನ್ನ ಡಾಕ್ಟರು ಒಪ್ಪುತ್ತಾರೇನು?”

ಒಪ್ಪುತ್ತಾರೆ ಎನ್ನುವುದಕ್ಕೆ ನಮಗೆ ಕೂಡಲೇ ಬಾಯಿ ಬರಲಿಲ್ಲ. ಅಕ್ಕ ಗಟ್ಟಿ ತೊವ್ವೆಯನ್ನು ಹಾಕಿ, ಒಂದು ಚಮಚೆ ಅನ್ನ ಕಲಸಿ, ಬಟ್ಟಲು ತುಂಬಿಸಿದರು. ನಾವು ಇಪ್ಪತ್ತು ನಿಮಿಷ ಉಂಡೆವು. ಆ ಇಪ್ಪತ್ತು ನಿಮಿಷವೂ ಅವರು ಎದುರಿಗೆ ಕುಳಿತು ತಾಯಿಯವರ ವಿಷಯ, ಹಳೆಯ ಮನೆಯ ವಿಷಯ, ನಮ್ಮ ಬಾಲ್ಯದ ತುಂಟತನ ಎಲ್ಲವನ್ನೂ ಹೇಳಿದರು. ಹಿಂದೆ ಹತ್ತು ಹೋಳಿಗೆ ಬಡಿಸುತ್ತಿದ್ದ ಕಾಲದಲ್ಲಿ ಅವರಿಗೆ ಹೀಗೆ ಕುಳಿತುಕೊಳ್ಳಲು ಬಿಡುವೇ ಇರುತ್ತಿರಲಿಲ್ಲ. ಅವರ ಕೈ ಊಟ ನಮಗೆ ಸೇರಿತು.

ಕಳೆದ ವರ್ಷ ನಾವಿಬ್ಬರೂ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಹಾದಿಯಲ್ಲಿ ಹತ್ತಿದೆವು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಸಾವಿರ ಮೆಟ್ಟಿಲುಗಳ ಹಾದಿ ಅದು. ಹಿಂದೆ ನಾವು ಮೋಟಾರಿನಲ್ಲಿ ಮೇಲೆ ಹೋಗಿ ಪ್ರಸಾದವನ್ನು ಮಾತ್ರ ತಪ್ಪದೆ ಸ್ವೀಕರಿಸುತ್ತಿದ್ದವರು. ಈಗ ನಿಂತು ನಿಂತು ನಂದಿಯವರೆಗೆ ಹತ್ತಿ, ಅಲ್ಲಿ ಕುಳಿತು ಒಂದೊಂದು ಗುಟುಕು ನೀರು ಕುಡಿದು, ಮತ್ತೆ ಮೇಲಕ್ಕೆ ಹೊರಟೆವು. ನಮ್ಮ ತೂಕ ಈಗ ೮೫. ಇದು ೮೨ ಆಗಲಿಲ್ಲವೆಂಬ ಕೊರಗನ್ನು ಬಿಟ್ಟಿದ್ದೇವೆ. ಮಾತ್ರೆಗಳನ್ನು ಬಿಟ್ಟಿಲ್ಲ.

ಈ ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ಹೇಳಬೇಕು. ಅದು ನಮ್ಮ ಕೆಲಸವಲ್ಲ. ಗೃಹಸ್ಥರಾದ ಓದುಗರಲ್ಲಿ ನಮ್ಮ ಪ್ರಾರ್ಥನೆ ಒಂದೇ. ಹೊಟ್ಟೆ ಕಿರಿದಾದ ಬಂಧುವೊಬ್ಬರು ನಿಮ್ಮ ಮನೆಗೆ ಬಂದರೆ ಅವರಿಗೆ ಸಣ್ಣ ಬಟ್ಟಲಿನಲ್ಲಿ ಬಡಿಸಿ, ‘ಇನ್ನೊಂದು’ ಎನ್ನಬೇಡಿ, ಅವರು ನಿಧಾನವಾಗಿ ಉಂಡು ಮುಗಿಸುವವರೆಗೆ ಎದುರಿಗೆ ಕುಳಿತು ಮಾತನಾಡಿ. ಉಪಚಾರಕ್ಕೆ ಅಷ್ಟು ಸಾಕು.